ರುಕ್ಮಿಣಿಯಕ್ಕನ ಎರಡು ಚಮಚ

ರುಕ್ಮಿಣಿಯಕ್ಕ ನಮ್ಮ ಗೋದಾಮಿಗೆ ಕೆಲಸಕ್ಕೆ ಬಂದ ಮೊದಲ ದಿನವೇ ನನ್ನ ಬಾಯಿ ಮುಚ್ಚಿಸಿದರು. ನಾನು ಶಿಫಾ, ಊರು ಚನ್ನಪಟ್ಟಣ. ಆಮ್‌ಸ್ಟರ್‌ಡಾಮ್ ಪಕ್ಕದ ಜಾಂಡಾಮ್‌ನಲ್ಲಿ ಒಂದು ಪುಟ್ಟ ಕಾಫಿ ಕಂಪನಿಯ ಕಾಗದಪತ್ರ ನೋಡಿಕೊಳ್ಳುತ್ತೇನೆ. ಪೆರು, ಬೊಲಿವಿಯಾ, ಕೊಲಂಬಿಯಾಗಳ ಎರಡು ಮೂರು ಎಕರೆಯ ರೈತರಿಂದ ಸಾವಯವ ಕಾಫಿಬೀಜವನ್ನು ನೇರವಾಗಿ ತರಿಸಿ, ಹುರಿದು ಇಲ್ಲಿನ ಅಂಗಡಿಗಳಿಗೆ ಕೊಡುವುದು ನಮ್ಮ ವ್ಯಾಪಾರ. ಅವತ್ತು ನಾನು ಪ್ಯಾಕೆಟ್ಟಿನ ಮೇಲಿನ ಮುದ್ರೆ ತೋರಿಸಿ, ಇದು ನ್ಯಾಯದ ಬೆಲೆ ಕೊಟ್ಟು ತಂದ ಕಾಫಿ, ಅದಕ್ಕೆ ಇದು ಸಾಕ್ಷಿ ಎಂದು ಕನ್ನಡದಲ್ಲೇ ವಿವರಿಸಿದೆ. ಮಾತಾಡಲು ಕನ್ನಡ ಸಿಕ್ಕಿತಲ್ಲ ಎಂಬ ಹುಮ್ಮಸ್ಸಿಗೆ ಸ್ವಲ್ಪ ಜಾಸ್ತಿಯೇ ವಿವರಿಸಿದೆನೋ ಏನೋ.

ಅವರು ಪ್ಯಾಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು. "ಅಲ್ಲ ಕಣಮ್ಮ, ಅನ್ಯಾಯ ಮಾಡೋರ ಪ್ಯಾಕೆಟ್ ಮೇಲೆ ತಾನೇ ಸೀಲ್ ಹೊಡೀಬೇಕು? ಸರಿಯಾಗಿರೋರಿಗೇ ಯಾಕೆ ಎಕ್ಸಾಮು?" ಎಂದರು. ಆ ಮುದ್ರೆಯ ಸಲುವಾಗಿ ವರ್ಷವೆಲ್ಲ ಫೈಲು ಕಟ್ಟುವವಳು ನಾನು. ಪ್ಯಾಕೆಟ್ಟನ್ನು ಅವರ ಕೈಯಿಂದ ಇಸಿದುಕೊಂಡು ಶೆಲ್ಫಿನಲ್ಲಿ ವಾಪಸಿಟ್ಟೆ.

ಅವರು ಕೆಲಸ ಕೇಳಿಕೊಂಡು ಬಂದವರಲ್ಲ, ತಪ್ಪು ತೋರಿಸಲು ಬಂದವರು. ಗಂಡ ತ್ಯಾಗರಾಜ ಅವರಿಗೆ ಆಮ್‌ಸ್ಟರ್‌ಡಾಮಿನ ಬ್ಯಾಂಕುಗಳ ಬಡಾವಣೆಯಾದ ಜ಼ೌಡಾಸ್‌ನ ಯಾವುದೋ ಬ್ಯಾಂಕಿನಲ್ಲಿ ಐಟಿ ಕೆಲಸ, ಮನೆ ಪಕ್ಕದ ಬೈಟನ್‌ವೆಲ್ಡರ್ಟ್‌ನಲ್ಲಿ. ಮಗಳು ಸ್ಮೃತಿ ಕಾಲೇಜು ಸೇರಿದ ಮೇಲೆ ಹಗಲೆಲ್ಲ ಮನೆಯಲ್ಲಿ ಒಬ್ಬರೇ. ಒಂದು ದಿನ ಸಾವಯವ ಅಂಗಡಿಯಿಂದ ನಮ್ಮ ಕಾಫಿ ಕೊಂಡುಹೋಗಿ ಡಿಕಾಕ್ಷನ್ ಇಳಿಸಿ ಕುಡಿದವರೇ, ಪ್ಯಾಕೆಟ್ಟಿನ ಮೇಲಿದ್ದ ನಂಬರಿಗೆ ಫೋನ್ ಮಾಡಿದರು. ಬೀಜ ಒಳ್ಳೆಯದು, ಹುರಿದವನು ಅವಸರಗೇಡಿ, ಹೊರಗೆ ಸೀದಿದೆ ಒಳಗೆ ಹಸಿ ಇದೆ ಎಂದು ನಗರಸಭೆಯ ತರಗತಿಯಲ್ಲಿ ಕಲಿತ ಡಚ್ಚಿನಲ್ಲಿ ದಬಾಯಿಸಿದರು. ಫೋನ್ ಎತ್ತಿದ್ದು ನಮ್ಮ ಯಜಮಾನಿ ವೀಟ್ಸ್ಕೆ. ಅರವತ್ತು ದಾಟಿದ, ಗಂಡಸರ ಚಪ್ಪಲಿ ಹಾಕಿಕೊಂಡು ಓಡಾಡುವ, ಯಾರಿಗೂ ಸೊಪ್ಪು ಹಾಕದ ಹೆಂಗಸು. ಅಷ್ಟು ಗೊತ್ತಿದ್ದರೆ ಬಂದು ತೋರಿಸು ಎಂದರಂತೆ. ಮಾರನೆಯ ಬೆಳಿಗ್ಗೆ ರುಕ್ಮಿಣಿಯಕ್ಕ ಟ್ರೇನು ಹತ್ತಿ ಬಂದು ತೋರಿಸಿಯೇಬಿಟ್ಟರು.

ಅವರ ತಂದೆ ಮೈಸೂರಿನ ಅಗ್ರಹಾರದಲ್ಲಿ ಕಾಫಿಪುಡಿ ಅಂಗಡಿ ಇಟ್ಟಿದ್ದರು. ಹುರಿಯುವ ಡ್ರಮ್ಮಿನ ಪಕ್ಕದಲ್ಲಿ ಕೂತು ಮಗ್ಗಿ ಕಲಿತವರು ಇವರು. ಹಾಗೆಂದು ಇಲ್ಲಿಯ ಕಾಫಿ ಅವರಿಗೆ ಸುಲಭಕ್ಕೆ ಒಲಿಯಲಿಲ್ಲ. ಚಿಕೋರಿ ಇಲ್ಲ, ಹಾಲಿಲ್ಲ, ನಸುಗಂದು ಬಣ್ಣಕ್ಕಷ್ಟೇ ಹುರಿದ ಬೀಜ. ಗೋದಾಮಿನಲ್ಲಿ ಮೊದಲ ಸಲ ಹಾಗೇ ಕುಡಿದಾಗ, ಇದು ಹುಣಸೆಹಣ್ಣು ಕಿವುಚಿದ ನೀರು ಎಂದು ಮುಖ ಸಿಂಡರಿಸಿದರು. ಆ ಹುಳಿಯಲ್ಲಿ ಒಳ್ಳೆಯ ಹುಳಿ ಯಾವುದು, ಕೆಟ್ಟದ್ದು ಯಾವುದು ಎಂದು ವೀಟ್ಸ್ಕೆ ಎರಡು ಚಳಿಗಾಲ ಕೂರಿಸಿ ಕಲಿಸಿದರು. ಅಕ್ಕ ಕಲಿತರು, ಕಲಿಯುವಾಗಲೂ ವಾದ ಮಾಡುತ್ತಲೇ ಕಲಿತರು. ರುಚಿಯ ಪಟ್ಟಿಯಲ್ಲಿ ಮಿಕ್ಕವರು ಯಾವುದೋ ಕಾಡುಹಣ್ಣು, ಯಾವುದೋ ಹೂವು ಎಂದು ಬರೆದರೆ ಇವರದ್ದು ನೇರಳೆಹಣ್ಣು, ಜೋನಿಬೆಲ್ಲ, ಸೀಬೆಕಾಯಿ. ವೀಟ್ಸ್ಕೆಗೆ ಆ ನಾಲಿಗೆ ಹಿಡಿಸಿತು, ನಾಲಿಗೆಯ ಜೊತೆ ಬಂದ ಬಾಯಿ ಕೂಡ ಹಿಡಿಸಿತೆಂದು ನನ್ನ ಲೆಕ್ಕ.

ತೊಂದರೆ ಬಂದದ್ದು ಚಮಚದಿಂದ.

ಕಾಫಿ ರುಚಿ ನೋಡುವ ಮೇಜೆಂದರೆ ಹೀಗೆ. ಸಾಲಾಗಿ ಬಟ್ಟಲುಗಳು, ಒಂದೊಂದರಲ್ಲೂ ಒಂದೊಂದು ಊರಿನ ಕಾಫಿ. ಎಲ್ಲರೂ ಒಂದೊಂದು ಚಮಚ ಹಿಡಿದು ಸುತ್ತ ನಡೆಯುತ್ತೇವೆ. ಬಟ್ಟಲಿಗೆ ಅದ್ದು, ಸೊರ್ರೆಂದು ಹೀರು, ಉಗುಳು, ಅದೇ ಚಮಚವನ್ನು ಒಂದು ಲೋಟದ ಬಿಸಿನೀರಿನಲ್ಲಿ ಆಡಿಸಿ ಮುಂದಿನ ಬಟ್ಟಲಿಗೆ ಅದ್ದು. ಆ ನೀರಿನ ಲೋಟವೂ ಎಲ್ಲರಿಗೂ ಒಂದೇ. ರುಕ್ಮಿಣಿಯಕ್ಕ ಮೊದಲ ದಿನ ಆ ಲೋಟ ನೋಡಿ, ಇದು ಊರಿನವರೆಲ್ಲರ ಎಂಜಲು ಕೂಡಿದ ತೀರ್ಥ ಎಂದು ನನ್ನ ಕಿವಿಯಲ್ಲಿ ಹೇಳಿ ಎರಡು ಚಮಚ ತೆಗೆದುಕೊಂಡರು. ಒಂದರಲ್ಲಿ ಬಟ್ಟಲಿನಿಂದ ಎತ್ತಿ, ಇನ್ನೊಂದಕ್ಕೆ ಸುರಿದು, ಆ ಎರಡನೆಯದನ್ನು ಮಾತ್ರ ಬಾಯಿಗಿಡುವುದು. ಬಟ್ಟಲಿಗೆ ಅವರ ಎಂಜಲು ತಾಗುವ ಮಾತೇ ಇಲ್ಲ.

ಕೊರೊನಾ ವರ್ಷಗಳಲ್ಲಿ ಕಾಫಿಯವರೆಲ್ಲ ಹಾಗೇ ಮಾಡಿದ್ದರಂತೆ. ವೀಟ್ಸ್ಕೆಗೆ ಅದೇ ಕಾರಣಕ್ಕೆ ಎರಡು ಚಮಚವೆಂದರೆ ಆಗದು. ರೈತರು ಬರಲಾಗದೆ, ಪರದೆಯ ಮೇಲೆ ಮುಖ ನೋಡಿಕೊಂಡು ಕಾಫಿ ಕೊಂಡ ಕಾಲ ಅದು. ಬೆಳೆದವರು, ಕೊಳ್ಳುವವರು, ಹುರಿಯುವವರು ಎಲ್ಲರ ಚಮಚವೂ ಒಂದೇ ಬಟ್ಟಲಿಗೆ ಬೀಳಬೇಕು, ನಮ್ಮ ಮೇಜಿನ ಅರ್ಥವೇ ಅದು ಎಂದು ಅವರು ಹೇಳುತ್ತಿದ್ದರು. ರುಕ್ಮಿಣಿಯಕ್ಕ ತಲೆಯಾಡಿಸಿ ಕೇಳಿ, ಮತ್ತೆ ಎರಡು ಚಮಚ ಎತ್ತಿಕೊಳ್ಳುತ್ತಿದ್ದರು.

ನನಗೂ ಆ ಎರಡನೆಯ ಚಮಚ ಚುಚ್ಚುತ್ತಿತ್ತು. ನನ್ನ ಕಾರಣ ಬೇರೆ. ಚಿಕ್ಕಂದಿನಲ್ಲಿ ನಾನು ಆಡಲು ಹೋಗುತ್ತಿದ್ದ ಒಂದು ಮನೆಯಲ್ಲಿ ನನಗೆಂದೇ ಒಂದು ಲೋಟವಿತ್ತು. ಅದರ ಜಾಗ ಅಡುಗೆಮನೆಯಲ್ಲಲ್ಲ, ಹಿತ್ತಿಲ ಕಟ್ಟೆಯ ಮೇಲೆ. ನಾನು ಕುಡಿದಿಟ್ಟ ಮೇಲೆ ಆ ಮನೆಯ ಅಜ್ಜಿ ಅದರ ಮೇಲೆ ನೀರು ಚಿಮುಕಿಸಿ ಒಳಗೆ ಹೋಗುತ್ತಿದ್ದರು. ನಮ್ಮ ಮನೆಯಲ್ಲಿ ಒಂದೇ ದೊಡ್ಡ ತಟ್ಟೆಯ ಸುತ್ತ ಆರು ಕೈ. ಜೂಠಾ, ಅಂದರೆ ಎಂಜಲು, ತಿಂದರೆ ಮೊಹಬ್ಬತ್ ಹೆಚ್ಚುತ್ತೆ ಎನ್ನುವುದು ಅಮ್ಮಿಯ ಮಾತು. ಹಿತ್ತಿಲ ಲೋಟದ ವಿಷಯ ಅಮ್ಮಿಗೆ ನಾನು ಹೇಳಲೇ ಇಲ್ಲ. ಮಡಿಯ ಹೆಸರಿನಲ್ಲಿ ಮಾಡುವ ಅವಮಾನ ನನ್ನ ಕಣ್ಣಿಗೆ ಬೇಗ ಕಾಣುತ್ತದೆ. ಅನುಮಾನ ನನ್ನ ದೋಷವೆಂದು ನಾನು ಒಪ್ಪುವುದಿಲ್ಲ, ಅದು ನನಗೆ ಕಲಿಸಿದ ಪಾಠ.

ಆದ್ದರಿಂದ ಒಂದು ದಿನ ಊಟದ ಹೊತ್ತಿನಲ್ಲಿ ನೇರವಾಗಿಯೇ ಕೇಳಿದೆ. "ಅಕ್ಕ, ನಿಮ್ಮ ಎಂಜಲು ನಮಗೆ ಆಗಬಾರ್ದು ಅಂತಲಾ, ನಮ್ಮ ಎಂಜಲು ನಿಮಗೆ ಆಗಲ್ಲ ಅಂತಲಾ?"

ಅವರು ಚಪಾತಿ ಮುರಿಯುತ್ತಿದ್ದವರು ನಿಲ್ಲಿಸಿದರು. "ನಾನು ಬಾಯಿಗಿಟ್ಟಿದ್ದನ್ನ ನಿಂಗೆ ಕೊಟ್ರೆ ನಿಂಗೆ ಯಾವ ಮರ್ಯಾದೆ ಕೊಟ್ಟ ಹಾಗಾಯ್ತು? ಸ್ಮೃತಿ ಚಿಕ್ಕವಳಿದ್ದಾಗ ಅವಳಿಗೆ ಕೊಟ್ಟಿದೀನಿ. ಬೇರೆ ಯಾರಿಗೂ ಕೊಟ್ಟಿಲ್ಲ, ನಮ್ಮೆಜಮಾನ್ರಿಗೂ ಕೊಟ್ಟಿಲ್ಲ."

"ಸರಿ. ನಾನು ಕೊಟ್ರೆ?"

"ನೀನಿನ್ನೂ ಕೊಟ್ಟಿಲ್ವಲ್ಲ," ಎಂದು ಡಬ್ಬಿ ಮುಚ್ಚಿ ಎದ್ದರು.

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಾಯಿತು ಆ ಉತ್ತರ. ನಾನು ಅರ್ಧ ನಂಬಿದೆ, ಅರ್ಧ ಬಿಟ್ಟೆ.

ಈ ವರ್ಷ ವಸಂತದಲ್ಲಿ ನಮ್ಮ ಹಳೆಯ ರುಚಿಗಾರ ನಿವೃತ್ತನಾದ. ಯಾವ ಕಾಫಿ ಕೊಳ್ಳಬೇಕು, ಯಾವುದು ಬೇಡ ಎಂದು ಕೊನೆಯ ಮಾತು ಹೇಳುವ ಜಾಗ ಅದು. ರುಕ್ಮಿಣಿಯಕ್ಕನಿಗೆ ಆ ಜಾಗ ಬೇಕಾಗಿತ್ತು. ಬೇಕು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ನನಗಿಂತ ಚೆನ್ನಾಗಿ ಮಾಡುವವರು ಇಲ್ಲಿ ಯಾರಿದ್ದಾರೆ ಎಂದೂ ಕೇಳಿದರು, ಯಾರೂ ಇರಲಿಲ್ಲ. ವೀಟ್ಸ್ಕೆ ಅದನ್ನು ಒಪ್ಪಿದರು, ಆದರೆ ಆ ಜಾಗದಲ್ಲಿರುವವರು ರೈತರ ಜೊತೆ ಕೂತು ಕುಡಿಯಬೇಕು ಎಂದರು. ಮುಂದಿನ ವಾರ ಪೆರುವಿನಿಂದ ಎಡಿಲ್ಮಾ ಬರುತ್ತಾಳೆ, ಅವಳೆದುರು ನಿನ್ನ ಎರಡು ಚಮಚ ಬಂದರೆ ಅವಳಿಗೆ ಏನನ್ನಿಸುತ್ತದೋ ಅದರ ಮೇಲೆ ನನ್ನ ತೀರ್ಮಾನ ಎಂದುಬಿಟ್ಟರು.

ಒಂದು ಚಮಚ ಬಿಟ್ಟುಬಿಡಿ ಅಕ್ಕ, ಒಂದು ಬೆಳಗಿನ ಮಾತು ಎಂದು ನಾನೇ ಹೇಳಿನೋಡಿದೆ. ಬಂದವರ ಮುಂದೆ ನಾಟಕ ಆಡಿ ಸಂಪಾದಿಸಿದ ಕೆಲಸ ದಿನಾ ನಾಟಕ ಆಡಿಸುತ್ತದೆ ಎಂದರು.

ಎಡಿಲ್ಮಾ ಬಂದಳು. ಪೆರುವಿನ ಉತ್ತರದ ಬೆಟ್ಟಗಳಲ್ಲಿ ಅವಳ ತೋಟ, ಎರಡೂವರೆ ಎಕರೆ. ಬಾಳೆಯ ನೆರಳಿನಲ್ಲಿ ಕಾಫಿ, ಅಂಚಿನಲ್ಲಿ ಕಬ್ಬು. ಸುತ್ತಲಿನ ಅಂಥದ್ದೇ ಸಣ್ಣ ತೋಟಗಳ ಹೆಂಗಸರ ಸಂಘಕ್ಕೆ ಅವಳು ಮುಖ್ಯಸ್ಥೆ. ಗಟ್ಟಿಮುಟ್ಟಾದ ಗಿಡ್ಡ ಹೆಂಗಸು, ಎರಡು ಜಡೆ, ಮಾತು ಕಡಿಮೆ, ಕಣ್ಣು ಎಲ್ಲ ಕಡೆ. ಸಂಘದ ಕಾಫಿಯನ್ನು ಬಟ್ಟಲುಗಳಲ್ಲಿ ಸಾಲಾಗಿ ಇಟ್ಟಿದ್ದೆವು. ವೀಟ್ಸ್ಕೆ ಅದ್ದಿದರು, ಎಡಿಲ್ಮಾ ಅದ್ದಿದಳು, ನಾನು ಅದ್ದಿದೆ. ರುಕ್ಮಿಣಿಯಕ್ಕ ಒಂದರಲ್ಲಿ ಎತ್ತಿ ಇನ್ನೊಂದಕ್ಕೆ ಸುರಿದುಕೊಂಡರು. ಹೀರಿದರು, ಕಣ್ಣು ಮುಚ್ಚಿದರು, ಇದು ಆಲೆಮನೆಯ ವಾಸನೆ, ಕಬ್ಬಿನ ಹಾಲು ಕುದಿದು ಪಾಕಕ್ಕೆ ಬರುವ ಹೊತ್ತಿನದ್ದು ಎಂದು ಕನ್ನಡದಲ್ಲೇ ಹೇಳಿದರು. ನಾನು ಇಂಗ್ಲಿಷಿಗೆ ತಂದೆ, ವೀಟ್ಸ್ಕೆ ಅದನ್ನು ಸ್ಪ್ಯಾನಿಶ್‌ಗೆ ತಂದರು. ಎಡಿಲ್ಮಾ ಅದನ್ನು ಕೇಳಿಸಿಕೊಂಡಳು. ಅವಳ ನೋಟ ಮಾತ್ರ ಚಮಚಗಳ ಮೇಲೆ ಇತ್ತು.

ಅವಳು ತನ್ನ ಚಮಚ ಕೆಳಗಿಟ್ಟು ಏನೋ ಕೇಳಿದಳು. ವೀಟ್ಸ್ಕೆ ಅನುವಾದಿಸಲು ಹಿಂದುಮುಂದು ನೋಡಿ, ಕೊನೆಗೆ ಹೇಳಿದರು: ನಮ್ಮನ್ನು ಕೊಳಕು ಅಂದುಕೊಂಡಿದ್ದಾರೆಯೇ ಈಕೆ ಎಂದು ಕೇಳುತ್ತಿದ್ದಾಳೆ.

ನನ್ನ ಪ್ರಶ್ನೆಯನ್ನೇ ಆ ಹೆಂಗಸು ಏಳು ಸಮುದ್ರ ದಾಟಿ ಬಂದು ಕೇಳಿದ್ದಳು. ರುಕ್ಮಿಣಿಯಕ್ಕನ ಮುಖ ಕೆಂಪಾಯಿತು, ಆದರೆ ದನಿ ಕದಲಲಿಲ್ಲ. ನೀನು ಬೆಳೆದದ್ದರೊಳಗೆ ನನ್ನ ಬಾಯಿ ಹಾಕಬಾರದು, ನಮ್ಮಲ್ಲಿ ಅದು ಮರ್ಯಾದೆ, ಕೊಳಕು ನನ್ನ ಬಾಯಿ ಇರಬಹುದು, ನಿನ್ನ ಕಾಫಿ ಅಲ್ಲ ಎಂದರು. ಮಾತು ಮೂರು ಭಾಷೆ ದಾಟಿ ಎಡಿಲ್ಮಾಳನ್ನು ಮುಟ್ಟಿತು.

ಅವಳು ಪಕ್ಕದ ಹೂಜಿಯಿಂದ ಒಂದು ಬಿಳಿ ಕಪ್ಪಿಗೆ ತನ್ನದೇ ಕಾಫಿ ಬಗ್ಗಿಸಿಕೊಂಡಳು. ತುಟಿ ಇಟ್ಟು ನಿಧಾನವಾಗಿ ಅರ್ಧ ಕುಡಿದಳು. ಉಳಿದ ಅರ್ಧವನ್ನು ಮೇಜಿನಾಚೆಯಿಂದ ರುಕ್ಮಿಣಿಯಕ್ಕನ ಕಡೆ ಚಾಚಿದಳು. ಅವರ ಹಳ್ಳಿಯಲ್ಲಿ ಮೆಕ್ಕೆಜೋಳದ ಮದ್ಯ ಕುಡಿಯುವಾಗ ಒಂದೇ ಸೋರೆಬುರುಡೆ ಕೈಯಿಂದ ಕೈಗೆ ಹೋಗುತ್ತದಂತೆ. ಬೇಡವೆಂದವನ ಮನಸ್ಸಿನಲ್ಲಿ ಏನಿದೆಯೆಂದು ಬೇರೆ ಕೇಳುವುದು ಬೇಕಿಲ್ಲವಂತೆ. ಇದನ್ನು ವೀಟ್ಸ್ಕೆ ಮೆಲ್ಲಗೆ ಹೇಳಿದರು.

ಆ ಕಪ್ಪಿನ ಅಂಚಿನಲ್ಲಿ ತುಟಿಯ ಗುರುತು ಕಾಣುತ್ತಿತ್ತು. ನಾನು ಕಪ್ಪು ನೋಡಲಿಲ್ಲ, ಅಕ್ಕನ ಕೈ ನೋಡಿದೆ. ಆ ಕೈ ಹಿಂದೆ ಸರಿದರೆ ನನ್ನ ಪಾಲಿಗೆ ಹಿತ್ತಿಲ ಲೋಟವೇ ಖಾಯಂ, ಅವರ ಪಾಲಿಗೆ ಕೆಲಸವೂ ಇಲ್ಲ.

ಕೈ ಸರಿಯಲಿಲ್ಲ. ರುಕ್ಮಿಣಿಯಕ್ಕ ಎರಡೂ ಕೈಯಲ್ಲಿ, ಪ್ರಸಾದ ಇಸಿದುಕೊಳ್ಳುವ ಹಾಗೆ ಕಪ್ಪನ್ನು ಇಸಿದುಕೊಂಡರು. ತಲೆ ಹಿಂದಕ್ಕೆ ಚೆಲ್ಲಿ, ಕಪ್ಪನ್ನು ಬಾಯಿಗಿಂತ ಒಂದು ಗೇಣು ಮೇಲೆತ್ತಿ ಒಂದೇ ಧಾರೆಯಲ್ಲಿ ಗಟಗಟನೆ ಮುಗಿಸಿದರು. ಒಂದು ತೊಟ್ಟೂ ಚೆಲ್ಲಲಿಲ್ಲ. ಕಪ್ಪು ಕೆಳಗಿಟ್ಟು ತಮ್ಮ ಮೈಸೂರು ಡಚ್ಚಿನಲ್ಲಿ ವೀಟ್ಸ್ಕೆಗೆ ಹೇಳಿದರು: ಅವಳದ್ದು ನನಗೆ ಬಂತು, ನನ್ನದು ಅವಳಿಗೆ ಹೋಗಲಿಲ್ಲ, ಇದನ್ನು ಸರಿಯಾಗಿ ಹೇಳು, ಏನೂ ಸೇರಿಸಬೇಡ.

ವೀಟ್ಸ್ಕೆ ಹೇಳಿ ಮುಗಿಸುವ ಮೊದಲೇ ಎಡಿಲ್ಮಾ ನಗತೊಡಗಿದ್ದಳು. ಅದೇ ಕಪ್ಪಿಗೆ ಮತ್ತೆ ಕಾಫಿ ಬಗ್ಗಿಸಿ, ತಾನೂ ತಲೆ ಹಿಂದಕ್ಕೆ ಚೆಲ್ಲಿ ಮೇಲಿಂದ ಸುರಿದುಕೊಂಡಳು. ಅರ್ಧ ಬಾಯಿಗೆ, ಅರ್ಧ ಗದ್ದಕ್ಕೆ, ರವಿಕೆಗೆ. ಕೆಮ್ಮಿ, ಒರೆಸಿಕೊಂಡು, ಇನ್ನೊಂದು ಸಲ ಪ್ರಯತ್ನಿಸಿದಳು. ರುಕ್ಮಿಣಿಯಕ್ಕ ಅವಳ ಗದ್ದ ಹಿಡಿದೆತ್ತಿ, ಗಂಟಲು ಎಲ್ಲಿ ತೆರೆಯಬೇಕೆಂದು ಕನ್ನಡದಲ್ಲಿ ಹೇಳಿಕೊಡುತ್ತಿದ್ದರು. ಆಮೇಲೆ ಇಬ್ಬರೂ ಆಲೆಮನೆಯ ವಿಷಯಕ್ಕೆ ಬಂದರು. ಅಲ್ಲೂ ಕಬ್ಬಿನ ಹಾಲು ಕುದಿಸಿ ಬೆಲ್ಲ ಮಾಡುತ್ತಾರೆ. ಅವಳ ಚೀಲದಲ್ಲೇ ಒಂದು ಅಚ್ಚು ಬೆಲ್ಲ ಇತ್ತು. ಅಕ್ಕ ಅದನ್ನು ಮೂಸಿ ನೋಡಿ, ನಮ್ಮ ಮಂಡ್ಯದ ಬೆಲ್ಲಕ್ಕೆ ಕಾಲು ಪಾಲು ಕಡಿಮೆ, ಆದರೂ ಪರವಾಗಿಲ್ಲ ಎಂದು ಸರ್ಟಿಫಿಕೇಟ್ ಕೊಟ್ಟರು.

ಮಾರನೆಯ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ವೀಟ್ಸ್ಕೆ ಮೇಜು ಜೋಡಿಸಿಟ್ಟಿದ್ದರು. ನಮಗೆಲ್ಲ ಒಂದೊಂದು ಚಮಚ. ಹಳೆಯ ರುಚಿಗಾರ ನಿಲ್ಲುತ್ತಿದ್ದ ಜಾಗದಲ್ಲಿ, ಒಗೆದ ಬಟ್ಟೆಯ ಮೇಲೆ, ಎರಡು. ರುಕ್ಮಿಣಿಯಕ್ಕ ಕೋಟು ಕಳಚಿ, ಆ ಜಾಗದಲ್ಲಿ ನಿಂತು, ನೀರು ಇನ್ನೂ ಯಾಕೆ ಕಾದಿಲ್ಲ ಎಂದು ಕೇಳಿದರು.

ಮಧ್ಯಾಹ್ನ ಊಟಕ್ಕೆ ಎದುರುಬದುರು ಕೂತಾಗ ನಾನು ನನ್ನ ಚಹಾವನ್ನು ಅರ್ಧ ಕುಡಿದೆ. ಉಳಿದ ಅರ್ಧವನ್ನು ಅವರ ಮುಂದೆ ತಳ್ಳಿದೆ.

"ಏನೆ ಇದು?"

"ಕೊಟ್ಟೆ."

ಅವರು ನನ್ನ ಮುಖ ನೋಡಿದರು. ಕಪ್ಪು ಎತ್ತಿದರು. ಎತ್ತರಕ್ಕೆ ಹಿಡಿಯುತ್ತಾರೆಂದು ಕಾದೆ, ಹಿಡಿಯಲಿಲ್ಲ. ನಾನು ತುಟಿ ಇಟ್ಟ ಅಂಚಿಗೇ ತುಟಿ ಇಟ್ಟು ಎರಡು ಗುಟುಕು ಕುಡಿದು, ಕಪ್ಪನ್ನು ನನ್ನ ಕಡೆಗೆ ವಾಪಸು ತಳ್ಳಿದರು.

"ಸಕ್ಕರೆ ಜಾಸ್ತಿ ಆಯ್ತು. ಮಿಕ್ಕಿದ್ದು ನೀನೇ ಮುಗ್ಸು."

ಮುಗಿಸಿದೆ.