ಕಣ್ಣು ಬರೆದ ನರಸಿಂಹ

ಶಿವಮೊಗ್ಗದ ವಿದ್ಯಾನಗರದಿಂದ ಬೆಳಿಗ್ಗೆಯೇ ಹೊರಟೆ. ಅಲ್ಲಿಂದ ಭದ್ರಾವತಿಗೆ ಇಪ್ಪತ್ತು ಕಿಲೋಮೀಟರೂ ಇಲ್ಲ. ಆದರೂ ತೊಡೆಯ ಮೇಲೆ ಗಾಜಿನ ನೆಗೆಟಿವ್ ಇಟ್ಟುಕೊಂಡವನಿಗೆ ಬಸ್ಸು ಹಂಪ್ ಹಾರಿದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು. ಪೌರಾಣಿಕ ನಾಟಕಗಳ ಹಳೇ ಫೋಟೋ ಹುಡುಕುವ ಹುಚ್ಚು ನನ್ನದು. ಹೊಸಮನೆ ಬಡಾವಣೆಯಲ್ಲಿ ಮುಚ್ಚಿಹೋದ ಒಂದು ಸ್ಟುಡಿಯೋದ ಅಟ್ಟದಲ್ಲಿ ಈ ನೆಗೆಟಿವ್ ಸಿಕ್ಕಿತ್ತು. ನರಸಿಂಹನ ವೇಷದ ನಟ ಕುರ್ಚಿಯಲ್ಲಿ ಕೂತಿದ್ದಾನೆ, ಕಣ್ಣು ಮುಚ್ಚಿದೆ.

ನಟನ ಮಗಳು ಗೌರಮ್ಮ ಭದ್ರಾವತಿಯಲ್ಲಿದ್ದಾರೆಂದು ವಿಚಾರಿಸಿ ತಿಳಿದುಕೊಂಡಿದ್ದೆ, ಅವರಿಗೆ ಈಗ ಎಂಬತ್ತು ದಾಟಿದೆ. ತಂದೆ ತೀರಿಕೊಂಡಾಗ ಅವರು ಪುಟ್ಟ ಮಗು. "ಅಪ್ಪ ಹೇಗಿದ್ರು ಅಂತ ಒಂದ್ಸಲ ನೋಡಿದ್ರೆ ಸಾಕು" ಎಂದು ಫೋನಿನಲ್ಲಿ ಹೇಳಿದ್ದರು. ಅದಕ್ಕೇ ದೊಡ್ಡದೊಂದು ಪ್ರಿಂಟ್ ಹಾಕಿಸಿ ಒಯ್ಯುತ್ತಿದ್ದೆ.

ಭದ್ರಾವತಿಯಲ್ಲಿ ಬಿಸಿಲು ಆಗಲೇ ಏರಿತ್ತು. ವಿಳಾಸ ಹೇಳಿದ ಕೂಡಲೇ ಆಟೋದವನು, "ಫೋಟೋ ಸಾಮಿ ಮನೇಗಾ? ಅಲ್ಲಿ ಸುಳ್ಳು ಮಾತ್ರ ಹೇಳ್ಬೇಡಿ ಸಾರ್" ಎಂದ. ನಗುತ್ತಾನೇನೋ ಎಂದು ನೋಡಿದೆ, ನಗಲಿಲ್ಲ.

ಗೌರಮ್ಮನವರ ದೇವರ ಮನೆಯಲ್ಲಿ ಅದೇ ನರಸಿಂಹನ ಫೋಟೋ ಇತ್ತು, ಎದೆಯವರೆಗೆ ಮಾತ್ರ ಕತ್ತರಿಸಿದ್ದು. ಆದರೆ ಇದರಲ್ಲಿ ಕಣ್ಣುಗಳು ಕೆಕ್ಕರಿಸಿ ನೋಡುತ್ತಿದ್ದವು. ಕಾರ್ಖಾನೆ ಕ್ವಾರ್ಟರ್ಸಿನ ತಮಿಳರು, ತೆಲುಗರು, ನಮ್ಮವರು, ಯಾರ ಜಗಳವಾದರೂ ಇಲ್ಲಿ ಬಂದು ಆಣೆ ಇಟ್ಟರೆ ಮುಗಿಯಿತು. ನಾನು ಹೋದಾಗಲೂ ಒಬ್ಬ ಕರ್ಪೂರ ಹಚ್ಚಿ ಆಣೆ ಇಡುತ್ತಿದ್ದ. ಅವನು ಹೋದ ಮೇಲೆ ಹತ್ತಿರ ಹೋಗಿ ನೋಡಿದೆ. ಆ ಕಣ್ಣುಗಳನ್ನು ಸ್ಟುಡಿಯೋದವರು ಪೆನ್ಸಿಲಿನಿಂದ ಬರೆದಿದ್ದರು. ಕಿರೀಟದ ಬಿರುಕು, ಹಾರದ ಗಂಟು, ಎಲ್ಲ ನನ್ನ ಗಾಜಿನಲ್ಲಿದ್ದದ್ದೇ.

ಗೌರಮ್ಮನವರ ಕೈಗೆ ಪ್ರಿಂಟ್ ಕೊಟ್ಟೆ. "ನಾಟಕದಲ್ಲಿ ಕಂಬ ಒಡೆದು ಬರೋವರೆಗೂ ನರಸಿಂಹನ ದೃಷ್ಟಿ ಯಾರ ಮೇಲೂ ಬೀಳಬಾರದಂತೆ. ಅದಕ್ಕೇ ಕಣ್ಣು ಮುಚ್ಚಿರಬೇಕು ಅಮ್ಮ" ಎಂದೆ, ದೊಡ್ಡ ಪಂಡಿತನ ಹಾಗೆ.

ಅವರು ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಇದು ಆಟ ಮುಗಿದ್ಮೇಲೆ ತೆಗ್ದಿದ್ದು ಮಾರಾಯ್ರೆ. ಅಪ್ಪ ರಂಗದ ಮೇಲೇ ಬಿದ್ದು ಹೋಗ್ಬಿಟ್ರು. ದೇವರು ಇನ್ನೂ ಮೈಮೇಲಿದ್ದಾನೆ ಅಂತ ಅಜ್ಜಿ ಬಣ್ಣ ಒರೆಸೋಕೆ ಬಿಡ್ಲಿಲ್ಲ. ಬೆಳಕು ಹರಿದ್ಮೇಲೆ ಹಾಗೇ ಕುರ್ಚೀಲಿ ಕೂರಿಸಿದ್ರು. ಒಳಗಿರೋ ಫೋಟೋ ಸತ್ತ ಅಪ್ಪಂದೇ ಅಂತ ನಾನು ಹೇಳಿದ್ರೆ, ಕನಸು ಕಂಡಿದೀಯ ಅಂತ ಎಲ್ರೂ ಬೈತಿದ್ರು."

ನನಗೆ ಭಯವಾಯಿತು. ಇಷ್ಟು ದಿನ ಮೇಜಿನ ಮೇಲಿಟ್ಟುಕೊಂಡು ನೋಡಿದ್ದು ಹೆಣವನ್ನು.

ಪ್ರಿಂಟಿನಲ್ಲಿ ಕುರ್ಚಿಯ ಕಾಲಿನ ಹತ್ತಿರ ಮಸುಕಾಗಿ ಏನೋ ಇತ್ತು. ಗಾಜಿನ ಕಲೆ ಎಂದುಕೊಂಡಿದ್ದೆ. ಅವರು ಅದರ ಮೇಲೆ ಬೆರಳಿಟ್ಟರು.

"ಈ ಕೈ ನಂದು. ಅಪ್ಪನ್ನ ಮುಟ್ಟೋಕೆ ಬಿಡ್ಲಿಲ್ಲ, ಅದಕ್ಕೆ ಕುರ್ಚಿ ಹಿಡ್ಕೊಂಡಿದ್ದೆ."

ಸಂಜೆಯ ಬಸ್ಸಿಗೆ ಹೊರಟೆ. ಗೇಟಿನ ಬಳಿ ನಿಂತು ತಿರುಗಿ ನೋಡಿದೆ. ಗೌರಮ್ಮ ಪ್ರಿಂಟನ್ನು ಮಡಿಲಲ್ಲಿಟ್ಟುಕೊಂಡು, ಸೆರಗಿನ ತುದಿಯಿಂದ ಅಪ್ಪನ ಮುಖದ ಬಣ್ಣ ಒರೆಸುತ್ತಿದ್ದರು.