ಲೆಕ್ಕಕ್ಕೆ ಸಿಗದ ಮಂಗಳಾರತಿ

ಶಹಾಬಾದಿನ ಒಂದು ಕಾರ್ಖಾನೆಯಲ್ಲಿ ಕಲ್ಲು ಅರೆಯುವ ಯಂತ್ರ ಕೆಟ್ಟು ನಿಂತಿತ್ತು. ಅದರ ತಿರುಗುವ ಶಾಫ್ಟಿಗೆ, ಅದರ ದಪ್ಪಕ್ಕಿಂತ ಕೂದಲೆಳೆಯಷ್ಟು ಕಿರಿದಾದ ಉಕ್ಕಿನ ಬಳೆಯನ್ನು ಕಾಯಿಸಿ, ಹಿಗ್ಗಿದಾಗ ತೊಡಿಸಬೇಕು, ಆರಿದರೆ ಬಿಗಿಯುತ್ತದೆ. ಎಷ್ಟು ಕಾಯಿಸಬೇಕೆಂದು, ಇಂಜಿನಿಯರಾದ ನಾನು ಬಳೆಯ ಚಿತ್ರವನ್ನು ಕಂಪ್ಯೂಟರಿನಲ್ಲಿ ನೂರಾರು ಚೂರು ಮಾಡಿ ಲೆಕ್ಕ ಹಾಕಿಸಿ ತಂದಿದ್ದೆ.

ಬಳೆ ಹದಕ್ಕೆ ಬಂತು. ಮೇಸ್ತ್ರಿ ಹುಸೇನಸಾಬರು ಎತ್ತಲು ಹೋದರು. ದೇವರನ್ನು ನೆನೆಯದೆ ನಾನು ಕೆಲಸಕ್ಕೆ ಕೈಹಚ್ಚಿದವನಲ್ಲ. ಅವರನ್ನು ತಡೆದು, ಕಾಯಿ ಒಡೆದು, ಕರ್ಪೂರ ಬೆಳಗಿದೆ. ಆಮೇಲೆ ತೊಡಿಸಿದ ಬಳೆ ಅರ್ಧಕ್ಕೇ ಕಚ್ಚಿಕೊಂಡಿತು.

“ಸಾಹೇಬ್ರ, ಆ ಲೆಕ್ಕದಾಗ ಮಂಗಳಾರತಿ ಹಿಡದಿಲ್ಲೇನ್ರಿ?”

“ಮರೆತೆ, ಹುಸೇನಸಾಬ್.”

“ದೇವರು ಸ್ವಲ್ಪ ಹೊತ್ತು ತಡೀತಾನ್ರಿ, ಕಾದ ಕಬ್ಬಿಣ ತಡಿಯಂಗಿಲ್ಲ.”

ಕಚ್ಚಿದ ಬಳೆಯನ್ನು ಕೊಯ್ದು ತೆಗೆಸಿದೆ. ಉಳಿದಿದ್ದು ಇನ್ನೊಂದೇ ಬಳೆ. ಈ ಸಲ ಬೆಂಕಿ ಹಚ್ಚುವ ಮೊದಲೇ ಪೂಜೆ ಮುಗಿಸಿದೆ. ಬಳೆ ಸಲೀಸಾಗಿ ಕೂತಿತು. ಎರಡು ಪೂಜೆಯ ಫಲ ಒಂದೇ ಬಳೆಗೆ ಸಂದಿತೆಂದು ನನ್ನ ನಂಬಿಕೆ. ಹುಸೇನಸಾಬರು ಪ್ರಸಾದದ ಕೊಬ್ಬರಿ ತಿನ್ನುತ್ತ ಬೆಂಕಿ ಆರಿಸಲು ಹೋದರು.