ಪಿಪ್‌ಗೆ ಹಾಕಿದ ಸೂರ್ಯಕಾಂತಿ ಬೀಜ

ಮ್ಯೂರಿಯಲ್ ಹಿಂಡಲ್ ದೇವರಂಥ ಹೆಂಗಸು ಎನ್ನುವವರು ನಮ್ಮ ಬೀದಿಯಲ್ಲಿ ಈಗಲೂ ಇದ್ದಾರೆ. ಅನ್ನಲಿ. ಬೇಕಪ್ ಊರಿನಲ್ಲಿ ಯಾರಿಗೆ ಜ್ವರ ಬಂದರೂ ಸೂಪಿನ ಪಾತ್ರೆ ಹಿಡಿದು ಓಡುತ್ತಿದ್ದವಳು ಅವಳೇ, ಇಲ್ಲ ಎನ್ನುವುದಿಲ್ಲ. ಆದರೆ ಅವಳ ತಂಗಿ ಎನಿಡ್‌ಳ ಹಿತ್ತಿಲಿಗೂ ನನ್ನ ಹಿತ್ತಿಲಿಗೂ ನಡುವೆ ಇರುವುದು ಒಂದೇ ಗೋಡೆ. ಆ ಸೂಪಿನ ಕಥೆ ನನಗೆ ಗೊತ್ತು.

ಎನಿಡ್ ಹುಟ್ಟಿದಾಗಿನಿಂದ ಸಣ್ಣಗಿದ್ದಳು. ಕಾಯಿಲೆಯಲ್ಲ, ಮೈಕಟ್ಟೇ ಹಾಗೆ. ಮನೆಯೊಳಗೆ ಹಾಕುವ ಮೆತ್ತನೆ ಚಪ್ಪಲಿಗಳ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಹೊಲಿದಳು. ತಲೆನೋವು ಎಂದು ಕೂಡ ಮನೆಯಲ್ಲಿ ಕೂತವಳಲ್ಲ. ಅಕ್ಕ ಮಾತ್ರ ಬಾಗಿಲಷ್ಟು ಅಗಲ. ಅವಳ ಕಣ್ಣಿಗೆ ತಂಗಿ ಸದಾ ಹಸಿದವಳು.

"ಏನೇ ಇದು, ಪೊರಕೆ ಕಡ್ಡಿ ಥರ! ನೋಡಿದೋರು ನಮ್ಮನ್ನ ಬೈಕೋತಾರೆ ಕಣೆ. ಬಾಯ್ಮುಚ್ಕೊಂಡು ತಿನ್ನು," ಎಂದು ಹಂದಿಕೊಬ್ಬು ಸವರಿದ ಬ್ರೆಡ್ ಮುಂದೆ ತಳ್ಳುತ್ತಿದ್ದಳು. ಎನಿಡ್ ತಿನ್ನುತ್ತಿದ್ದಳು. ಆಮೇಲೆ ಹಿತ್ತಿಲಿಗೆ ಬಂದು ವಾಂತಿ ಮಾಡಿಕೊಳ್ಳುತ್ತಿದ್ದಳು.

ವಯಸ್ಸಿನಲ್ಲಿದ್ದಾಗ ವಿಲ್ಫ್ ಎಂಬ ಬಸ್ ಕಂಡಕ್ಟರ್ ಅವಳನ್ನು ಇಷ್ಟಪಟ್ಟಿದ್ದ. ಮದುವೆಯ ಮಾತು ಬಂದಿತ್ತು. ಮ್ಯೂರಿಯಲ್ ಹೋಗಿ ಅವನ ತಾಯಿಯ ಮುಂದೆ ಕೂತಳು. "ಮೊದಲೇ ಹೇಳಿಬಿಡೋದು ಒಳ್ಳೇದು ನೋಡಿ. ನಮ್ಮ ಎನಿಡ್ ಮೈಲಿ ಶಕ್ತಿ ಇಲ್ಲ. ಮಗು ಗಿಗು ಅಂದ್ರೆ ಆ ಸೊಂಟ ತಡೆಯುತ್ತಾ?" ಮುಂದಿನ ವಸಂತದಲ್ಲಿ ವಿಲ್ಫ್ ಬೇರೊಬ್ಬಳನ್ನು ಮದುವೆಯಾದ. ಎನಿಡ್ ಆಮೇಲೆ ಯಾರನ್ನೂ ನೋಡಲಿಲ್ಲ. ಒಳ್ಳೇದಕ್ಕೇ ಹೇಳಿದ್ದು ಎಂದು ಅಕ್ಕ ಇವತ್ತಿಗೂ ಹೇಳುತ್ತಾಳೆ.

ಕೆಲಸ ಬಿಟ್ಟ ಮೇಲೆ ಎನಿಡ್ ಎರಡು ಜರ್ಬಿಲ್ ಸಾಕಿದಳು. ಬಾಲದ ತುದಿಯಲ್ಲಿ ಕುಚ್ಚು ಇರುವ, ಮಣ್ಣು ಬಣ್ಣದ ಪುಟ್ಟ ಮರಳುಗಾಡು ಇಲಿಗಳು. ಒಂದೇ ಸೂಲಿನ ಅಕ್ಕತಂಗಿಯರು. ಕ್ವೀನಿ ದೊಡ್ಡದು, ಎಂಬತ್ತು ಗ್ರಾಮಿನ ಆಸುಪಾಸು. ಪಿಪ್ ಅರವತ್ತು ಮುಟ್ಟಿದರೆ ಹೆಚ್ಚು. ಶನಿವಾರ ಬೆಳಿಗ್ಗೆ ಪುಡಿಂಗ್ ಬಟ್ಟಲಲ್ಲಿ ಕೂರಿಸಿ ಅಡುಗೆ ತಕ್ಕಡಿಯಲ್ಲಿ ತೂಗುತ್ತಿದ್ದಳು, ಬೆನ್ನು ಸವರಿ ಮೂಳೆ ಚುಚ್ಚುತ್ತದೆಯೇ ನೋಡುತ್ತಿದ್ದಳು.

"ಇದು ಯಾಕಮ್ಮ ಇಷ್ಟು ಸಣ್ಣ?" ಎಂದು ನಾನೇ ಒಮ್ಮೆ ಕೇಳಿದ್ದೆ.

"ಅದು ಇರೋದೇ ಅಷ್ಟು. ಹೋದ ವಾರ ಎಷ್ಟಿತ್ತೋ ಈ ವಾರವೂ ಅಷ್ಟಿದ್ರೆ ಸಾಕು. ಕ್ವೀನಿ ಪಕ್ಕ ಇಟ್ಟು ನೋಡಬಾರದು," ಎಂದಳು. ಹಾಗೆ ಹೇಳುವಾಗ ಅವಳ ಮುಖದಲ್ಲಿ ಒಂದು ಹೆಮ್ಮೆ ಇತ್ತು. ಆ ಮನೆಯಲ್ಲಿ ಅವಳು ನಕ್ಕಿದ್ದನ್ನು ನಾನು ಕೇಳಿದ್ದು ಆ ಎರಡು ಬಂದ ಮೇಲೆಯೇ.

ಹೋದ ವರ್ಷ ಎನಿಡ್ ಪಿತ್ತಕೋಶದ ಆಪರೇಷನ್‌ಗೆ ಆಸ್ಪತ್ರೆಗೆ ಸೇರಬೇಕಾಯಿತು. ನಾನು ಮಗಳ ಬಾಣಂತನಕ್ಕೆ ಹೊರಟಿದ್ದೆ, ಬೀಗದ ಕೈ ಮ್ಯೂರಿಯಲ್ ಪಾಲಾಯಿತು. ಎನಿಡ್ ನನ್ನೆದುರೇ ಹೇಳಿದಳು: "ಎರಡನ್ನೂ ಬೇರೆ ಮಾಡಬೇಡ. ಏನೇ ಆಗ್ಲಿ. ಕೆಲವು ದಿನ ದೂರ ಇದ್ರೆ ವಾಸನೆ ಮರೆತು ಒಂದನ್ನೊಂದು ಕೊಂದುಬಿಡ್ತವೆ."

"ಆಯ್ತು ಕಣೆ, ನಾನು ನಾಲ್ಕು ಮಕ್ಕಳನ್ನ ಸಾಕಿದೋಳು. ಇಲಿ ಸಾಕೋಕೆ ಬರಲ್ವಾ?" ಎಂದಳು ಅಕ್ಕ.

ಗಾಯ ಕೀವಾಗಿ ಮೂರು ವಾರ ಆಸ್ಪತ್ರೆಯಲ್ಲೇ ಉಳಿದ ಎನಿಡ್ ವಾಪಸು ಬಂದ ದಿನ ನಾನೂ ಊರಿಗೆ ಬಂದಿದ್ದೆ. ನೋಡಿಕೊಂಡು ಬರೋಣವೆಂದು ಹೋದೆ. ಎನಿಡ್ ಹೊಲಿಗೆ ಹಾಕಿದ ಹೊಟ್ಟೆ ಹಿಡಿದು ಕುರ್ಚಿಯಲ್ಲಿ ಕೂತಿದ್ದಳು. ಮೇಜಿನ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಕ್ವೀನಿ ಒಂದೇ ಇತ್ತು. ಅಡುಗೆಮನೆಯಿಂದ ಮ್ಯೂರಿಯಲ್ ಬಿಸ್ಕತ್ತು ಡಬ್ಬಿಯೊಂದನ್ನು ಎದೆಗೆ ಅವಚಿಕೊಂಡು ಬಂದಳು. ಒಳಗೆ ಪಿಪ್. ಗುಂಡಗಾಗಿತ್ತು, ಏದುಸಿರು ಬಿಡುತ್ತಿತ್ತು.

"ಆ ದಡೂತಿ ಎಲ್ಲಾ ತಾನೇ ನುಂಗ್ತಿತ್ತು ಕಣೆ, ಈ ಬಡಪಾಯಿಗೆ ಏನೂ ಬಿಡ್ತಿರ್ಲಿಲ್ಲ. ನೀನು ಹೋದ ದಿನವೇ ಬೇರೆ ಇಟ್ಟೆ. ಬರೀ ಸೂರ್ಯಕಾಂತಿ ಬೀಜ! ಈಗ ನೋಡು, ಮೈ ತುಂಬ್ಕೊಂಡು ಎಷ್ಟು ಚೆನ್ನಾಗಿದೆ!"

"ಬೇಡ! ಒಳಗೆ ಬಿಡಬೇಡ್ವೇ!" ಎನಿಡ್ ಏಳಲು ಹೋಗಿ ಮತ್ತೆ ಕುಸಿದಳು.

"ಶ್, ಹೊಲಿಗೆ ಬಿಚ್ಕೊಳ್ಳತ್ತೆ. ಅಕ್ಕತಂಗಿಯರಮ್ಮ, ಖುಷಿ ಪಡ್ತವೆ," ಎಂದು ಗಾಜಿನ ಪೆಟ್ಟಿಗೆಯೊಳಗೆ ಡಬ್ಬಿ ಬಗ್ಗಿಸಿಯೇ ಬಿಟ್ಟಳು.

ಕ್ವೀನಿ ಒಮ್ಮೆ ಮೂಸಿತು. ಮರುಕ್ಷಣ ಎರಡೂ ಉಂಡೆಯಾಗಿ ಉರುಳಿದವು. ನಾನು ಕೈಗೆ ಸಿಕ್ಕ ಟವೆಲ್ ಹಿಡಿದು ಓಡಿದೆ, ಕೈ ಕಚ್ಚಿಸಿಕೊಂಡೆ. ಮೊದಲಿನ ಪಿಪ್ ಆಗಿದ್ದರೆ ಚಂಗನೆ ಹಾರಿ ಸುರಂಗದಲ್ಲಿ ಸೇರಿಕೊಳ್ಳುತ್ತಿತ್ತು. ಆ ಬೊಜ್ಜು ಹೊತ್ತು ಅದಕ್ಕೆ ಓಡಲಾಗಲಿಲ್ಲ. ನಾನು ಬಿಡಿಸುವ ಹೊತ್ತಿಗೆ ಕತ್ತು ಹರಿದುಹೋಗಿತ್ತು.

ಎನಿಡ್ ಅದನ್ನು ಮಡಿಲಿಗೆ ಹಾಕಿಸಿಕೊಂಡಳು. ಎಂದಿನಂತೆ ಬೆನ್ನು ಸವರಿದಳು. ಅದು ಬೆಚ್ಚಗೆ ಇತ್ತು, ಅಷ್ಟೇ.

"ನನಗೆ ಯಾವತ್ತೂ ಹಸಿವಿರಲಿಲ್ಲ ಮ್ಯೂರಿಯಲ್," ಎಂದಳು. ದನಿ ಏರಲಿಲ್ಲ. "ಇದಕ್ಕೂ ಇರಲಿಲ್ಲ. ಇದ್ದ ಹಾಗೆ ಇರೋಕೆ ನೀನೇ ಬಿಡಲಿಲ್ಲ."

ಮ್ಯೂರಿಯಲ್ ಗಳಗಳನೆ ಅತ್ತಳು. ಸುಳ್ಳು ಅಳುವಲ್ಲ, ಅದೇ ಕರ್ಮ. ಕಣ್ಣೊರೆಸಿಕೊಂಡು ತಂಗಿಯ ಭುಜದ ಮೇಲೆ ಕೈಯಿಟ್ಟಳು.

"ಅಳಬೇಡ್ವೇ. ಇನ್ನೊಂದು ತಂದ್ಕೊಡ್ತೀನಿ. ಈ ಸಲ ಒಳ್ಳೆ ದಷ್ಟಪುಷ್ಟವಾಗಿರೋದನ್ನೇ ನೋಡಿ ತರ್ತೀನಿ."